ಲಸಿಕೆಗೆ ಮುನ್ನ ಹಸುವನ್ನು ಕಟ್ಟುವ ಕ್ರಮ



ಕಾಲುಬಾಯಿ ಬೇನೆಯ ಲಸಿಕೆಯನ್ನು ವರ್ಷಕ್ಕೆ 2 ಬಾರಿ ಉಚಿತವಾಗಿ ಹಾಕಲಾಗುತ್ತದೆ. ಆಗ ಹಸುವನ್ನು ಹಿಡಿಯುವ ಕ್ರಮ ತಪ್ಪಿದರೆ ಹಸುವಿಗೂ ನಮಗೂ ಅಪಾಯ.

ಕಡ್ಡಿರಾಂಪುರದ ಬಿಸಿಲಿಗೆ ಬೆಳಗಿನ ತಂಪು ಹೊತ್ತೇ ಲೇಸು. ದಿನವೂ ಹಾಲು ಕರೆಯುವವರೇ ಹಿಡಿಯಲಿ. ಪರಿಚಿತ ದನಿ ಕೇಳಿದರೆ ಹಸು ಬೆದರುವುದು ಕಡಿಮೆ. ಜಾರದ ನೆಲದಲ್ಲಿ, ಗಟ್ಟಿ ಕಂಬಕ್ಕೆ ಗಿಡ್ಡವಾಗಿ ಕಟ್ಟಿರಿ. ಕೊರಳಿಗೆ ಜೀರುಗುಣಿಕೆ ಹಾಕಬೇಡಿ. ಜಗ್ಗಿದಷ್ಟೂ ಬಿಗಿದು ಉಸಿರು ಕಟ್ಟುತ್ತದೆ. ಕಂಬದ ಗಂಟು ಮಾತ್ರ ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ. ಹಸು ಬಿದ್ದರೆ ಜೀವ ಉಳಿಸುವುದು ಅದೇ.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಹಸು ಪಕ್ಕಕ್ಕೂ ಒದೆಯುತ್ತದೆ. ಆದ್ದರಿಂದ ಭುಜದ ಬಳಿ ನಿಲ್ಲಿರಿ. ಹೊಡೆತ, ಕೂಗಾಟ ಬೇಡ. ಬೆದರಿದ ಹಸು ಸರಿಯಾಗಿ ಹಾಲು ಇಳಿಸದು. ಕೆಲಸ ಮುಗಿದೊಡನೆ ಬಿಚ್ಚಿ, ಮೈ ಸವರಿ, ನೀರು ಮೇವು ಕೊಡಿರಿ. ಮುಂದಿನ ಸಲ ಅದು ತಾನೇ ನಿಲ್ಲುತ್ತದೆ.