ನರಗಳ ವಿಷಯವಾದ ಪಾಠ

ಒಲೆಯ ಮೇಲಿನ ಪಾತ್ರೆಯನ್ನು ಮರೆತು ಮುಟ್ಟಿದವಳ ಕೈ ಥಟ್ಟನೆ ಹಿಂದಕ್ಕೆ ಸರಿಯುವದನ್ನು ನೀವು ನೋಡಿದ್ದೀರಿ. ಅಯ್ಯೋ ಎಂಬ ಕೂಗು ಬರುವದು ಅನಂತರವೇ. ಹಾಗಾದರೆ ಕೈಗೆ ಆಜ್ಞೆಯನ್ನು ಕೊಟ್ಟವರು ಯಾರು? ನಮ್ಮ ಸಭೆಯ ಒಬ್ಬ ಸಹೋದರನಾದರೋ ಕುದಿಯುವ ಗಂಜಿಯ ಪಾತ್ರೆಯನ್ನು ಬರಿಗೈಯಿಂದ ಇಳಿಸುತ್ತಿದ್ದನು. ಗಟ್ಟಿ ಮನುಷ್ಯನೆಂದು ಎಲ್ಲರೂ ಹೊಗಳಿದರು, ನಾನೂ ಹೊಗಳಿದೆನು. ಅದು ಎಂಥಾ ಬುದ್ಧಿಹೀನತೆಯೆಂಬದನ್ನು ಈ ಪಾಠದಿಂದ ತಿಳಿಯುವಿರಿ.

ನಮ್ಮ ಶರೀರವು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಒಂದೇ ಬಗೆಯ ಕೆಲಸಕ್ಕೆ ಕೂಡಿಕೊಂಡಿರುವ ಕೋಶಗಳ ಸಮೂಹವನ್ನು ಅಂಗಾಂಶವೆನ್ನುತ್ತಾರೆ. ಹೊರಗೂ ಒಳಗೂ ಹೊದಿಕೆಯಾಗಿರುವದು ಒಂದು. ಎಲುಬು, ಕೊಬ್ಬು, ರಕ್ತ ಮುಂತಾಗಿ ಕೂಡಿಸಿ ಆಧಾರ ಕೊಡುವದು ಇನ್ನೊಂದು. ಎಳೆದು ಚಲಿಸುವ ಸ್ನಾಯು ಮೂರನೆಯದು. ಸುದ್ದಿಯನ್ನು ಒಯ್ಯುವ ನರವು ನಾಲ್ಕನೆಯದು. ಮೊದಲಿನ ಮೂರನ್ನು ಇನ್ನೊಂದು ತಿಂಗಳಿಗೆ ಬಿಡೋಣ.

ನರಕೋಶವು ವಿಚಿತ್ರವಾದದ್ದು. ಅದರ ಮೈ ಅತಿ ಚಿಕ್ಕದು. ಅದರಿಂದ ಹೊರಡುವ ಎಳೆಯಾದರೋ ಬಹು ಉದ್ದ. ಬೆನ್ನಿನ ಕೆಳಭಾಗದಿಂದ ಕಾಲ್ಬೆರಳಿನ ತನಕ ಎರಡು ಮೊಳದಷ್ಟು ದೂರವನ್ನು ಒಂದೇ ಕೋಶದ ಎಳೆಯು ಮುಟ್ಟುವದುಂಟು. ಈ ಎಳೆಯ ಹೊರಗೆ ಸೋಡಿಯಂ ಎಂಬ ಉಪ್ಪಿನ ಅಂಶ ಹೆಚ್ಚು. ಒಳಗೆ ಪೊಟ್ಯಾಸಿಯಂ ಹೆಚ್ಚು. ಬಿಸಿ ತಗಲಿದಾಗ ಎಳೆಯ ತುದಿಯಲ್ಲಿರುವ ಸಣ್ಣ ಬಾಗಿಲುಗಳು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಅದರಿಂದ ಹುಟ್ಟುವ ವಿದ್ಯುತ್ತಿನ ಬದಲಾವಣೆಯು ಪಕ್ಕದ ಬಾಗಿಲುಗಳನ್ನು ತೆರೆಯಿಸುತ್ತದೆ, ಅವು ಅದರಾಚೆಯವುಗಳನ್ನು. ಹಿಂದೆ ಉಳಿದ ಸ್ಥಳದಲ್ಲಿ ಪೊಟ್ಯಾಸಿಯಂ ಹೊರಗೆ ಹೋಗಿ ಎಲ್ಲವೂ ಮತ್ತೆ ಸಿದ್ಧವಾಗುತ್ತದೆ. ಒಂದು ಸ್ಥಳದಲ್ಲಿ ಇದೆಲ್ಲಾ ನಡೆಯುವದಕ್ಕೆ ಒಂದು ಸೆಕೆಂಡಿನ ಸಾವಿರದಲ್ಲಿ ಕೆಲವು ಪಾಲು ಸಾಕು. ಸಿಡಿಮದ್ದಿನ ಬತ್ತಿಯಲ್ಲಿ ಕಿಡಿ ಓಡುವ ಹಾಗೆ ಎನ್ನಬಹುದು; ಆದರೆ ಬತ್ತಿಯು ಸುಟ್ಟುಹೋಗುವದು, ನರವು ಸುಟ್ಟುಹೋಗುವದಿಲ್ಲ.

ಹೆಚ್ಚು ನೋವಿಗೆ ದೊಡ್ಡ ಸುದ್ದಿ, ಕಡಿಮೆ ನೋವಿಗೆ ಚಿಕ್ಕ ಸುದ್ದಿ ಎಂದು ನೆನಸಬೇಡಿರಿ. ದೇವಾಲಯದ ಗಂಟೆಯ ಶಬ್ದವು ಪ್ರತಿ ಏಟಿಗೂ ಒಂದೇ. ಬೆಂಕಿ ಬಿದ್ದ ದಿನ ಅದನ್ನು ಬಿಡದೆ ಬಾರಿಸುತ್ತಾರೆ, ಅಷ್ಟೇ. ನರವೂ ಹಾಗೆಯೇ. ಕೊಬ್ಬಿನಂಥ ಪೊರೆ ಸುತ್ತಿಕೊಂಡ ದಪ್ಪ ಎಳೆಗಳಲ್ಲಿ ಸುದ್ದಿಯು ಸೆಕೆಂಡಿಗೆ ಸುಮಾರು 100 ಮೀಟರ್ ತನಕ ಓಡುವದು. ಪೊರೆಯಿಲ್ಲದ ಸಣ್ಣ ಎಳೆಗಳಲ್ಲಿ ಸುಮಾರು 1 ಮೀಟರ್ ಮಾತ್ರ. ಆದದರಿಂದ ಎಡವಿದಾಗ ತಗಲಿದ್ದು ಮೊದಲು ತಿಳಿಯುತ್ತದೆ. ಸುಡುವ ನೋವು ತುಸು ತಡವಾಗಿ ಬರುತ್ತದೆ.

ಒಂದು ಕೋಶಕ್ಕೂ ಮತ್ತೊಂದಕ್ಕೂ ನಡುವೆ ಸಾಮಾನ್ಯವಾಗಿ ಸಣ್ಣ ಸಂದು ಇರುತ್ತದೆ. ಅಲ್ಲಿ ಸುದ್ದಿಯನ್ನು ದಾಟಿಸುವದು ಒಂದು ರಸ. 1921ರಲ್ಲಿ ಆಸ್ಟ್ರಿಯಾದ ಓಟ್ಟೋ ಲೋವಿ ಎಂಬ ಪಂಡಿತರು ಕಪ್ಪೆಯ ಹೃದಯದ ನರವನ್ನು ಕೆರಳಿಸಿ ಅದರ ಬಡಿತವನ್ನು ನಿಧಾನಗೊಳಿಸಿದರು. ಅದನ್ನು ತೋಯಿಸಿದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಲು ಅದೂ ನಿಧಾನವಾಯಿತು. ಈ ಪರೀಕ್ಷೆ ತನಗೆ ಕನಸಿನಲ್ಲಿ ತೋರಿತೆಂದು ಅವರೇ ಹೇಳಿದ್ದಾರೆ. ಈಗ ಸುಟ್ಟ ಕೈಗೆ ಬರೋಣ. ಸುದ್ದಿಯು ಬೆನ್ನುಹುರಿಯನ್ನು ಮುಟ್ಟಿದೊಡನೆ, ಮಿದುಳು ನೋವನ್ನು ಅರಿಯುವದಕ್ಕೆ ಮುಂಚೆಯೇ, ಅಲ್ಲಿಂದ ಸ್ನಾಯುವಿಗೆ ಆಜ್ಞೆ ಹೊರಡುತ್ತದೆ.

ನಮ್ಮ ಸಹೋದರನಲ್ಲಿ ಈ ದೂತರು ಸತ್ತಿದ್ದರು. ಅವನ ಮುಂಗೈಯ ಮೇಲೆ ತಿಳಿಬಣ್ಣದ ಮಚ್ಚೆಯಿತ್ತು. ನೂಲಿನ ತುದಿಯಿಂದ ಮುಟ್ಟಿದರೆ ಅಲ್ಲಿ ಅವನಿಗೆ ತಿಳಿಯುತ್ತಿರಲಿಲ್ಲ. ಅದು ಕುಷ್ಠರೋಗ. ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯರು 1873ರಲ್ಲಿ ಕಂಡುಹಿಡಿದ ಕ್ರಿಮಿಯು ನರದ ಎಳೆಯನ್ನು ಸುತ್ತಿರುವ ಕೋಶಗಳಲ್ಲಿಯೇ ಮನೆಮಾಡುತ್ತದೆ. ಯಾಜಕಕಾಂಡದ 13ನೆಯ ಮತ್ತು 14ನೆಯ ಅಧ್ಯಾಯಗಳನ್ನು ತೆರೆದು ಇಂಥವರನ್ನು ಪಾಳೆಯದ ಹೊರಗೆ ಇಡಬೇಕೆಂದು ವಾದಿಸುವವರಿದ್ದಾರೆ. ಅಲ್ಲಿಯ ಇಬ್ರಿಯ ಶಬ್ದವು ಬಟ್ಟೆಯ ಮತ್ತು ಮನೆಗೋಡೆಯ ಕಲೆಗಳಿಗೂ ಸಲ್ಲುತ್ತದೆ. ಗೋಡೆಗೆ ಈ ರೋಗ ಬರುವದೋ?

ವೆಲ್ಲೂರಿನಲ್ಲಿ 1946ರಿಂದ ಸೇವೆ ಮಾಡಿದ ಮಿಶನರಿ ವೈದ್ಯ ಪಾಲ್ ಬ್ರ್ಯಾಂಡ್‌ರವರು, ಬೆರಳುಗಳು ರೋಗದಿಂದ ತಾವಾಗಿ ಉದುರುವದಿಲ್ಲ, ನೋವು ತಿಳಿಯದ ಗಾಯಗಳಿಂದ ಸವೆಯುತ್ತವೆ ಎಂದು ತೋರಿಸಿದರು. ಮಲಗಿದವರ ಬೆರಳನ್ನು ಇಲಿ ಕಚ್ಚಿದರೂ ಅವರಿಗೆ ಎಚ್ಚರವಾಗುತ್ತಿರಲಿಲ್ಲ; ಆದಕಾರಣ ಬೆಕ್ಕನ್ನು ಸಾಕುವ ಏರ್ಪಾಡಾಯಿತು.

ಇದಕ್ಕೆ ಔಷಧವುಂಟು. ಸರಕಾರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕ್ರಯವಿಲ್ಲದೆ ಕೊಡುತ್ತಾರೆ. 6 ತಿಂಗಳು, ಇಲ್ಲವೆ 12 ತಿಂಗಳು ಬಿಡದೆ ನುಂಗಬೇಕು. ಪ್ರಾರಂಭಿಸಿದ ಸ್ವಲ್ಪ ಕಾಲದಲ್ಲಿಯೇ ರೋಗವು ಇತರರಿಗೆ ಹರಡುವದು ನಿಲ್ಲುತ್ತದೆ. ಕ್ರಿಮಿಯು ಸಾಯುವದು, ಆದರೆ ಬಹುಕಾಲದಿಂದ ಸತ್ತ ನರವು ತಿರಿಗಿ ಹುಟ್ಟುವದಿಲ್ಲ, ತಡಮಾಡಬಾರದೆಂಬದು ಇದರಿಂದಲೇ. ಕುಷ್ಠದ ನಿಮಿತ್ತ ವಿವಾಹವನ್ನು ಮುರಿಯಲು ಕ್ರೈಸ್ತರಿಗೆ ಅನ್ವಯಿಸುವ 1869ರ ಕಾಯಿದೆಯಲ್ಲಿದ್ದ ಅವಕಾಶವನ್ನು 2019ರಲ್ಲಿ ತೆಗೆದುಹಾಕಿದ್ದಾರೆ.

ಆದರೂ ಕರ್ತನ ಭೋಜನದ ದಿನ ನಮ್ಮ ಸಹೋದರನು ಪಾತ್ರೆಯನ್ನು ಮುಟ್ಟಿದಾಗ ಮುಂದಿನ ಸಾಲಿನಲ್ಲಿದ್ದ ಇಬ್ಬರು ಎದ್ದು ಹೋದರು. ಆಗ ಅವನ ಔಷಧದ ಏಳನೆಯ ತಿಂಗಳು. ಆ ಇಬ್ಬರ ಮನೆಗಳಿಗೆ ನಾನು ಹೋಗಿ ಇಲ್ಲಿ ಬರೆದದ್ದನ್ನೇ ಹೇಳಿದೆನು. ಒಬ್ಬನು ಮುಂದಿನ ಸಾರಿ ಬಂದನು, ಮತ್ತೊಬ್ಬನು ಇನ್ನೂ ಬಂದಿಲ್ಲ. ಸಹೋದರನ ಎರಡು ಬೆರಳುಗಳು ಮಡಚಿಕೊಂಡೇ ಇವೆ. ಈಗ ಅವನು ಪಾತ್ರೆಯನ್ನು ಬಟ್ಟೆ ಹಿಡಿದೇ ಇಳಿಸುತ್ತಾನೆ. ರಾತ್ರಿ ಪ್ರಾರ್ಥನೆಗೆ ಮುಂಚೆ ಅವನ ಮಗಳು ದೀಪವನ್ನು ಹತ್ತಿರ ತಂದು ಅವನ ಕೈಗಳನ್ನೂ ಅಂಗಾಲುಗಳನ್ನೂ ನೋಡುತ್ತಾಳೆ.