ಇದ್ದಕ್ಕಿದ್ದಂತೆ ಕಿವಿ ಕೇಳದಾದರೆ

ರಾತ್ರಿ ಮಲಗುವಾಗ ಚೆನ್ನಾಗಿದ್ದ ಕಿವಿ, ಫಜ್ರ್‌ಗೆ ಎದ್ದಾಗ ಮುಚ್ಚಿಕೊಂಡಂತಿರುತ್ತದೆ. ಒಳಗೆ ಗುಂಯ್‌ಗುಟ್ಟುವ ಸದ್ದು, ಕೆಲವರಿಗೆ ತಲೆಸುತ್ತು. ಸಾಮಾನ್ಯವಾಗಿ ನೋವಿರುವುದಿಲ್ಲ, ಹಾಗಾಗಿಯೇ ಯಾರೂ ಗಾಬರಿಯಾಗುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದುಡಿಯುವವರು ಧೂಳು ಹೊಕ್ಕಿರಬೇಕು ಎಂದುಕೊಳ್ಳಬಹುದು. ಮನೆಯಲ್ಲಿ ಹಿರಿಯರು ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುತ್ತಾರೆ. ಹೀಗೆ ಒಂದು ವಾರ ಹೋಗುತ್ತದೆ. ಈ ಕಾಯಿಲೆಯಲ್ಲಿ ಅಮೂಲ್ಯವಾದದ್ದೇ ಆ ವಾರ.

2024ರ ಜೂನ್‌ನಲ್ಲಿ ಹಿನ್ನೆಲೆ ಗಾಯಕಿ ಅಲ್ಕಾ ಯಾಗ್ನಿಕ್, ವಿಮಾನದಿಂದ ಇಳಿದಾಗ ತಮಗೆ ಏನೂ ಕೇಳಿಸಲಿಲ್ಲ, ವೈರಸ್ ದಾಳಿಯಿಂದ ಶ್ರವಣ ನರಕ್ಕೆ ಪೆಟ್ಟಾಗಿದೆ ಎಂದು ವೈದ್ಯರು ಹೇಳಿದ್ದಾರೆ ಎಂದು ತಿಳಿಸಿದ್ದರು. ಆದರೆ ಹೆಚ್ಚಿನ ರೋಗಿಗಳಲ್ಲಿ ಖಚಿತ ಕಾರಣ ಸಿಗುವುದಿಲ್ಲ. ವೈರಸ್, ಒಳಕಿವಿಯ ರಕ್ತಸಂಚಾರದ ತೊಂದರೆ ಇವುಗಳ ಮೇಲೆ ಅನುಮಾನ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಗುಗ್ಗೆ ಕಟ್ಟಿದೆಯೋ ನರದ ತೊಂದರೆಯೋ ಎಂದು ಅಂದಾಜಿಸಲು ಬಾಯಿ ಮುಚ್ಚಿ 'ಹ್ಞೂಂ' ಎಂದು ಗುನುಗಿ ನೋಡಿ. ಸದ್ದು ಕೇಳದ ಕಿವಿಯಲ್ಲೇ ಜೋರಾಗಿದ್ದರೆ ಗುಗ್ಗೆ ಅಥವಾ ನೆಗಡಿಯ ಕಟ್ಟು ಇರಬಹುದು. ಚೆನ್ನಾಗಿರುವ ಕಿವಿಗೆ ಸರಿದರೆ ನರದ ಮೇಲೆ ಅನುಮಾನ. ಇದು ಅಂದಾಜು ಮಾತ್ರ, ಇದನ್ನೇ ನಂಬಿ ಮನೆಯಲ್ಲಿ ಕೂರಬೇಡಿ. ಅಂದೇ, ತಪ್ಪಿದರೆ ಮರುದಿನ, ಹಾವೇರಿಯಲ್ಲಾಗಲಿ ರಾಣೆಬೆನ್ನೂರಿನಲ್ಲಾಗಲಿ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಶ್ರವಣ ಪರೀಕ್ಷೆ ಅಲ್ಲಿ ಆಗದಿದ್ದರೆ ಹುಬ್ಬಳ್ಳಿ ಅಥವಾ ದಾವಣಗೆರೆಗೆ ಹೋಗಲು ತಡಮಾಡಬೇಡಿ.

ಮುಖ್ಯ ಔಷಧಿ ಸ್ಟೀರಾಯ್ಡ್. ಎರಡು ವಾರದೊಳಗೆ, ಆದಷ್ಟು ಬೇಗ ಶುರುವಾಗಬೇಕು. ಅದು ಸಕ್ಕರೆ ಏರಿಸುತ್ತದೆ. ಮಧುಮೇಹವಿದ್ದವರು ಮೊದಲೇ ಹೇಳಿದರೆ, ಕಿವಿಯ ಪೊರೆಯ ಮೂಲಕ ಚುಚ್ಚುಮದ್ದು ಕೊಡುವ ದಾರಿಯೂ ಇದೆ. ಕೆಲವರಿಗೆ ತಾನಾಗಿಯೇ ಗುಣವಾಗುವುದುಂಟು, ಆದರೆ ಯಾರಿಗೆ ಎಂದು ಮೊದಲೇ ತಿಳಿಯದು. ಕಿವಿಯ ಸುತ್ತ ಗುಳ್ಳೆ ಎದ್ದು ಮುಖ ಸೊಟ್ಟಗಾದರೆ ಅದು ಸರ್ಪಸುತ್ತು. ಅದಕ್ಕೆ ವೈರಸ್ ನಿರೋಧಕ ಔಷಧಿಯೂ ಬೇಕು.

ಮಕ್ಕಳಲ್ಲಿ ಮಂಗನಬಾವಿನ ವೈರಸ್ ಹೀಗೆ ಒಂದು ಕಿವಿಯನ್ನು ಕಿವುಡಾಗಿಸಬಲ್ಲದು. 2017ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಸರಕಾರಿ ಎಂಆರ್ ಲಸಿಕೆ ದಡಾರ ಮತ್ತು ರುಬೆಲ್ಲಾಕ್ಕೆ ಮಾತ್ರ. ಮಂಗನಬಾವನ್ನೂ ತಡೆಯುವುದು ಎಂಎಂಆರ್. ಅದರ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ. ಮಂಗನಬಾವು ಬಂದು ಹೋದ ಮಗುವಿಗೆ ಫೋನನ್ನು ಒಂದೊಂದೇ ಕಿವಿಗೆ ಹಿಡಿದು ಮಾತಾಡಿಸಿ ನೋಡಿ. ಇನ್ನೊಂದು ಕಿವಿ ಚೆನ್ನಾಗಿದ್ದರೆ ಮಗು ತಾನಾಗಿ ಹೇಳುವುದೇ ಇಲ್ಲ.