ಬೂಷ್ಟು ಹಿಡಿದ ಹುಲ್ಲು ಮತ್ತು ರೈತರ ಶ್ವಾಸಕೋಶ



ಮಳೆಗೆ ನೆನೆದ ಬಣವೆಯಿಂದ ಹುಲ್ಲು ಹಿರಿಯುವಾಗ ಬಿಳಿ ಧೂಳು ಏಳುವುದನ್ನು ನೀವೆಲ್ಲರೂ ನೋಡಿದ್ದೀರಿ. ಈ ಧೂಳು ಮೂಗಿಗೆ ಹೋದ 4ರಿಂದ 8 ಗಂಟೆಗಳ ನಂತರ ಕೆಲವರಿಗೆ ಚಳಿಜ್ವರ, ಮೈಕೈ ನೋವು, ಒಣಕೆಮ್ಮು, ಏದುಸಿರು ಬರುತ್ತದೆ. ಒಂದೆರಡು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನೆಗಡಿ ಜ್ವರವೆಂದು ಮರೆತು ಮತ್ತೆ ಅದೇ ಬಣವೆಗೆ ಕೈಹಾಕುತ್ತೇವೆ. ಎಚ್ಚರವಹಿಸಬೇಕಾದುದು ಇಲ್ಲಿಯೇ.

ಇದಕ್ಕೆ 'ರೈತರ ಶ್ವಾಸಕೋಶ ರೋಗ' (ಫಾರ್ಮರ್ಸ್ ಲಂಗ್) ಎಂದು ಹೆಸರು. 1932ರಲ್ಲಿ ಇಂಗ್ಲೆಂಡಿನ ಕ್ಯಾಂಪ್‌ಬೆಲ್ ಎಂಬ ವೈದ್ಯರು ಬೂಷ್ಟು ಹಿಡಿದ ಹುಲ್ಲಿನಲ್ಲಿ ಕೆಲಸ ಮಾಡಿದ ರೈತರಲ್ಲಿ ಇದನ್ನು ಗುರುತಿಸಿ ಬರೆದರು.

ರೋಗ ಬರುವುದು ಹೇಗೆ?

ತೇವವಿರುವ ಹುಲ್ಲನ್ನು ಒಟ್ಟಿದರೆ ಒಳಗೆ ಕಾವು ಏರುತ್ತದೆ. 50ರಿಂದ 60 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಹುಲುಸಾಗಿ ಬೆಳೆಯುತ್ತವೆ. ಮುಖ್ಯವಾದುದು ಸ್ಯಾಕರೋಪಾಲಿಸ್ಪೋರಾ ರೆಕ್ಟಿವಿರ್ಗುಲಾ. ಇದರ ಅತಿ ಸೂಕ್ಷ್ಮ ಬೀಜಕಣಗಳು ಉಸಿರಿನೊಂದಿಗೆ ಶ್ವಾಸಕೋಶದ ಗಾಳಿಗೂಡುಗಳವರೆಗೂ ಇಳಿಯುತ್ತವೆ.

ಕ್ಷಯದ ರೋಗಾಣುವಿನಂತೆ ಇವು ಅಲ್ಲಿ ಬೆಳೆದು ಹಬ್ಬುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಇವುಗಳ ವಿರುದ್ಧ ನಮ್ಮ ದೇಹದ ರಕ್ಷಣಾ ಶಕ್ತಿಯೇ ಅತಿಯಾಗಿ ಕೆರಳಿ, ಗಾಳಿಗೂಡುಗಳ ನಡುವಿನ ತೆಳು ಗೋಡೆಗಳು ಊದಿಕೊಳ್ಳುತ್ತವೆ. ವರ್ಷಗಟ್ಟಲೆ ಹೀಗಾದರೆ ಗೋಡೆಗಳು ಗಾಯದ ಕಲೆಯಂತೆ ಗಡುಸಾಗುತ್ತವೆ. ಹಾಗೆ ಗಡುಸಾದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಕೆಲವರಿಗೆ ಜ್ವರವೇ ಬಾರದೆ, ನಿಧಾನವಾಗಿ ಉಬ್ಬಸ ಮತ್ತು ತೂಕ ಇಳಿಕೆ ಮಾತ್ರ ಕಾಣಬಹುದು.

ನೀವು ಮಾಡಬೇಕಾದುದು

1. ಹುಲ್ಲನ್ನು ಚೆನ್ನಾಗಿ ಒಣಗಿಸಿಯೇ ಬಣವೆ ಒಟ್ಟಿರಿ.

2. ಬಣವೆಯನ್ನು ನೆಲದ ತೇವ ತಾಗದಂತೆ ಅಟ್ಟಣಿಗೆಯ ಮೇಲೆ ಒಟ್ಟಿ, ಮೇಲೆ ಮಳೆನೀರು ಇಳಿಯದಂತೆ ಹೊದಿಸಿರಿ.

3. ಬೂಷ್ಟು ಹಿಡಿದ ಹುಲ್ಲನ್ನು ದನಗಳಿಗೆ ಹಾಕಬೇಡಿ. ತೆಗೆದುಹಾಕುವಾಗ ಮೊದಲು ನೀರು ಚಿಮುಕಿಸಿ, ಗಾಳಿಗೆ ಬೆನ್ನುಮಾಡಿ ನಿಲ್ಲಿರಿ. ಕೊಟ್ಟಿಗೆಯೊಳಗೆ ಕೊಡವಬೇಡಿ.

4. ಟವೆಲ್ ಅಥವಾ ಸೆರಗು ಕಟ್ಟಿಕೊಂಡರೆ ಸಾಲದು. ಎನ್-95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಹಾಕಿಕೊಳ್ಳಿರಿ.

5. ಹುಲ್ಲಿನ ಕೆಲಸ ಮಾಡಿದ ದಿನವೇ ಪದೇ ಪದೇ ಜ್ವರ, ಕೆಮ್ಮು ಬರುತ್ತಿದ್ದರೆ ವೈದ್ಯರಲ್ಲಿಗೆ ಹೋಗಿ. ಬೂಷ್ಟು ಹುಲ್ಲಿನ ಸಂಗತಿಯನ್ನು ನೀವಾಗಿಯೇ ತಿಳಿಸಿರಿ. ಅವರು ಹೇಳಿದರೆ ಕಫ ಪರೀಕ್ಷೆಯನ್ನೂ ತಪ್ಪದೆ ಮಾಡಿಸಿರಿ.

ಈ ರೋಗಕ್ಕೆ ಮುಖ್ಯ ಚಿಕಿತ್ಸೆಯೆಂದರೆ ಆ ಧೂಳಿನಿಂದ ದೂರವಿರುವುದು. ಬೇಗ ದೂರವಾದವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ದನಗಳಿಗೆ ಹುಲ್ಲು ಹಾಕುವವರು ಬಹುಮಟ್ಟಿಗೆ ಹೆಣ್ಣುಮಕ್ಕಳು. ಇದನ್ನು ಅವರಿಗೂ ಓದಿ ಹೇಳಿರಿ.